ನಿವೃತ್ತಿಯ ನಂತರ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾನು ತಿಪಟೂರಿನವನು. ಸರ್ಕಾರಿ ನೌಕರಿಯಲ್ಲಿದ್ದು ಕಳೆದ ವರ್ಷ 60 ತುಂಬಿ ನಿವೃತ್ತನಾದೆ. ಹೈಸ್ಕೂಲಿನಲ್ಲಿದ್ದಾಗ ಸೋದರಮಾವನ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಎರಡು ದಿನದ ಮಟ್ಟಿಗೆ ಕೈಗೆ ಸಿಕ್ಕಿತ್ತು. ಅಂದು ಹತ್ತಿದ ಆಸೆ ಇಂದಿಗೂ ಬಿಟ್ಟಿಲ್ಲ. ರೀಲಿನ ಖರ್ಚು, ತೊಳೆಸುವ ಖರ್ಚು, ಆಮೇಲೆ ತಂಗಿಯರ ಮದುವೆ, ಮಕ್ಕಳ ಓದು ಎಂದು ಅದು ಹಿಂದೆ ಸರಿಯುತ್ತಲೇ ಹೋಯಿತು. ಈಗ ನಿವೃತ್ತಿಯ ಹಣದಲ್ಲಿ ಎರಡೂವರೆ ಲಕ್ಷ ರೂಪಾಯಿ ತೆಗೆದಿರಿಸಿ, ಒಳ್ಳೆಯ ಕ್ಯಾಮೆರಾ ಮತ್ತು ದೂರದ್ದನ್ನು ಹತ್ತಿರ ತೋರಿಸುವ 150-600 ಮಿ.ಮೀ. ಲೆನ್ಸ್ ಕೊಂಡು ಕಬಿನಿ, ಬಂಡೀಪುರಗಳಲ್ಲಿ ಹುಲಿಯ ಚಿತ್ರ ತೆಗೆಯಬೇಕೆಂದಿದ್ದೇನೆ. 'ಈ ವಯಸ್ಸಿನಲ್ಲಿ ಕಲಿತು ಏನು ಮಾಡುತ್ತೀರಪ್ಪಾ' ಎಂದು ಮಗ ಕೇಳುತ್ತಾನೆ. ಮನೆಯವಳು ಏನೂ ಹೇಳುವುದಿಲ್ಲ, ಆದರೆ ಅವಳಿಗೆ ಇದು ಒಪ್ಪಿಗೆಯಿಲ್ಲವೆಂದು ನನಗೆ ಗೊತ್ತಾಗುತ್ತದೆ. ತಾವು ಏನು ಸಲಹೆ ಕೊಡುತ್ತೀರಿ?

ಉತ್ತರ: ಮೊದಲು ತಮ್ಮ ಮಗನ ಮಾತಿಗೆ ಉತ್ತರ ಹೇಳುತ್ತೇನೆ. ಜಪಾನಿನ ಕುಮಾಮೊಟೊ ಪ್ರಾಂತದಲ್ಲಿ ಕಿಮಿಕೊ ನಿಶಿಮೊಟೊ ಎಂಬ ಮಹಿಳೆಯಿದ್ದರು. 1928ರಲ್ಲಿ ಹುಟ್ಟಿದ ಅವರು ಮೊದಲ ಬಾರಿಗೆ ಕ್ಯಾಮೆರಾ ಹಿಡಿದದ್ದು 72ನೆಯ ವಯಸ್ಸಿನಲ್ಲಿ, ತಮ್ಮ ಮಗನೇ ನಡೆಸುತ್ತಿದ್ದ ತರಗತಿಯಲ್ಲಿ. ಹತ್ತು ವರ್ಷಗಳ ನಂತರ ತಮ್ಮೂರಿನ ವಸ್ತುಸಂಗ್ರಹಾಲಯದಲ್ಲಿ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಅವರಿಗಿಂತ ತಾವು ಹನ್ನೊಂದು ವರ್ಷ ಮುಂಚೆ ಆರಂಭಿಸುತ್ತಿದ್ದೀರಿ. ಛಾಯಾಗ್ರಹಣಕ್ಕೆ ಬೇಕಾದ ಗಣಿತ ಬಹಳ ಸಣ್ಣದು. ಬೆಳಕು ಒಳಗೆ ಬರುವ ಕಿಂಡಿಯ ಅಳತೆ, ಅದು ತೆರೆದಿರುವ ಅವಧಿ, ಸೆನ್ಸರ್ ಬೆಳಕಿಗೆ ತೋರುವ ಸೂಕ್ಷ್ಮತೆ ಎಂಬ ಈ ಮೂರರ ಹೊಂದಾಣಿಕೆಯನ್ನು ಶ್ರದ್ಧೆಯುಳ್ಳ ಯಾರಾದರೂ ಎರಡು ತಿಂಗಳಲ್ಲಿ ಕಲಿಯಬಹುದು. ಉಳಿದದ್ದೆಲ್ಲ ನೋಡುವ ಅಭ್ಯಾಸ, ಮತ್ತು ಅದಕ್ಕೆ ಬೇಕಾದದ್ದು ಸಮಯ. ನೌಕರಿಯಲ್ಲಿದ್ದಷ್ಟು ದಿನ ತಮಗೆ ಸಿಗದೇ ಹೋದದ್ದು ಅದೇ, ಈಗ ತಮ್ಮ ಬಳಿ ಹೇರಳವಾಗಿರುವುದೂ ಅದೇ. ಆದ್ದರಿಂದ ತಮ್ಮ ಯೋಜನೆಯನ್ನು ಆ ಸಮಯದ ಸುತ್ತ ಕಟ್ಟಿಕೊಳ್ಳಿ ಎಂಬುದು ನನ್ನ ಬಿನ್ನಹ. ತಮ್ಮ ಪತ್ರದಲ್ಲಿ ಅದು ಲೆನ್ಸಿನ ಸುತ್ತ ಕಟ್ಟಿಕೊಂಡಂತೆ ನನಗೆ ಕಂಡಿತು.

ಆ ಲೆನ್ಸಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹಣ ಹೋಗುವುದು ಅಲ್ಲಿಯೇ. 150-600 ಮಿ.ಮೀ. ವ್ಯಾಪ್ತಿಯ ಲೆನ್ಸುಗಳು ಸುಮಾರು 2 ಕಿಲೋ ತೂಗುತ್ತವೆ. ಕ್ಯಾಮೆರಾ ಸೇರಿದರೆ ಭಾರ ಇನ್ನೂ ಹೆಚ್ಚುತ್ತದೆ, ಮತ್ತು ಸಫಾರಿ ವಾಹನ ನಿಂತ ಅರೆಗಳಿಗೆಯಲ್ಲಿ ಅದನ್ನು ಎತ್ತಿ ಅಲುಗದಂತೆ ಹಿಡಿಯಬೇಕಾಗುತ್ತದೆ. ಕೈಯಲ್ಲಿ ಹಿಡಿದು ತೆಗೆಯುವಾಗ ಷಟರ್ ವೇಗ (ಕಿಂಡಿ ತೆರೆದಿರುವ ಅವಧಿ) ಕನಿಷ್ಠ ಲೆನ್ಸಿನ ಮಿ.ಮೀ. ಅಂಕಿಯಷ್ಟಾದರೂ ಇರಬೇಕೆಂಬ ಹಳೆಯ ನಿಯಮದಂತೆ 600 ಮಿ.ಮೀ.ಗೆ ಸೆಕೆಂಡಿನ 1/600 ಭಾಗ ಬೇಕು, ಸಣ್ಣ ಸೆನ್ಸರಿನ ಕ್ಯಾಮೆರಾ ಆದರೆ 1/900 ಭಾಗ. ಲೆನ್ಸಿನೊಳಗಿನ ಅಲುಗಾಟ ತಡೆಯುವ ವ್ಯವಸ್ಥೆ ನಮ್ಮ ಕೈನಡುಕವನ್ನು ಸರಿದೂಗಿಸುತ್ತದೆ, ಆದರೆ ನಡೆಯುತ್ತಿರುವ ಹುಲಿಯನ್ನು ಅದು ನಿಲ್ಲಿಸಲಾರದು. ಹುಲಿ ಹೆಚ್ಚಾಗಿ ಹೊರಬರುವ ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಬೆಳಕು ಅಷ್ಟಿರುವುದಿಲ್ಲ, ಮತ್ತು ಈ ಬೆಲೆಯ ಲೆನ್ಸುಗಳ ಕಿಂಡಿ 600 ಮಿ.ಮೀ.ನಲ್ಲಿ ಎಫ್ 6.3ಕ್ಕಿಂತ (ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ದೊಡ್ಡದಾಗಿ ತೆರೆಯುವುದಿಲ್ಲ. ಹೀಗಾಗಿ ಎರಡೂವರೆ ಲಕ್ಷ ವೆಚ್ಚ ಮಾಡಿದ ಮೇಲೂ ಕೈಗೆ ಬರುವುದು ಕಾಳು ಕಾಳಾದ ಒಂದು ಹುಲಿಯ ಚಿತ್ರ, ಅದೂ ಅದೃಷ್ಟವಿದ್ದರೆ. ನಮ್ಮ ಶಿಬಿರಗಳಿಗೆ ಬಂದ ಹಲವು ಹಿರಿಯರ ಮನೆಗಳಲ್ಲಿ ಇಂಥ ಲೆನ್ಸುಗಳು ಎರಡು ಪ್ರವಾಸ ಕಂಡು ಬೀರು ಸೇರಿದ್ದನ್ನು ನೋಡಿದ್ದೇನೆ, ಆಗೆಲ್ಲ ನನಗೆ ಬಹಳ ನೋವಾಗಿದೆ.

ವನ್ಯಜೀವಿ ಛಾಯಾಗ್ರಹಣವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಸಂಡೂರಿನ ಎಂ. ವೈ. ಘೋರ್ಪಡೆ, ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಅವರಂಥವರು ಈ ನೆಲದಲ್ಲಿ ಕಟ್ಟಿದ ಪರಂಪರೆ ಅದು. ಅವರು ಅದಕ್ಕೆ ದಶಕಗಳನ್ನು ಕೊಟ್ಟರು, ಕಾಡನ್ನು ಓದುವುದನ್ನು ಮೊದಲು ಕಲಿತು ಆಮೇಲೆ ಚಿತ್ರ ತೆಗೆದರು. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಹುಡುಕಿ ದೂರ ದೂರ ಅಲೆದವರಲ್ಲ; ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ಇದ್ದವನ್ನೇ ವರ್ಷಗಟ್ಟಲೆ ಕಾದು ತೆಗೆದರು. ತಾವೂ ತಮ್ಮ ತೋಟದ ಸುತ್ತಮುತ್ತಲಿನಿಂದಲೇ ಆರಂಭಿಸಬೇಕು ಎನ್ನುತ್ತೇನೆ.

ತಿಪಟೂರಿನಲ್ಲಿ ಇದ್ದುಕೊಂಡು ವಿಷಯಕ್ಕಾಗಿ ಕಬಿನಿಗೆ ಹೋಗಬೇಕೆ? ತಮ್ಮ ಊರಿನ ಉಂಡೆ ಕೊಬ್ಬರಿಯನ್ನೇ ನೋಡಿ. ಬಲಿತ ಕಾಯಿಯನ್ನು ಮರದಿಂದ ಇಳಿಸಿ ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ, ಎಂಟು ತಿಂಗಳಿಂದ ಒಂದು ವರ್ಷದವರೆಗೆ ಹಾಗೆಯೇ ಬಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲುಗಾಡಿಸಿದರೆ ಚಿಪ್ಪಿನೊಳಗೆ ಕೊಬ್ಬರಿ ಕಟಕಟ ಸದ್ದು ಮಾಡುವ ಹದಕ್ಕೆ ಬಂದ ಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಒಡೆಯದಂತೆ ಹೊರತೆಗೆದು, ಗಾತ್ರ ನೋಡಿ ವಿಂಗಡಿಸಿ, ಹರಾಜಿಗೆ ಒಯ್ದು, ಅಲ್ಲಿಂದ ಉತ್ತರ ಭಾರತಕ್ಕೆ ಲಾರಿ ಹತ್ತಿಸುವ ಈ ಇಡೀ ಕೆಲಸವನ್ನು ಹೊರಗಿನಿಂದ ಬಂದ ಯಾವ ಛಾಯಾಗ್ರಾಹಕನೂ ಪೂರ್ತಿಯಾಗಿ ತೆಗೆಯಲಾರ. ಅವನು ಒಂದು ದಿನ ಬರುತ್ತಾನೆ, ಮಾರುಕಟ್ಟೆಯಲ್ಲಿ ರಾಶಿ ಬಿದ್ದ ಕೊಬ್ಬರಿಯ ಮುಂದೆ ನಿಂತವರ ಒಂದು ಚಿತ್ರ ತೆಗೆದು ಹೋಗುತ್ತಾನೆ. ಅಟ್ಟದ ಮೇಲಿನ ಕಾಯಿ ಒಣಗುವಷ್ಟು ಕಾಲ ಅವನು ಕಾಯಲಾರ. ತಾವು ಕಾಯಬಲ್ಲಿರಿ. ಕಾಯಿ ಅಟ್ಟ ಸೇರಿದ ದಿನದಿಂದ ಅದೇ ಕಾಯಿ ಹರಾಜಿಗೆ ಹೋಗುವ ದಿನದವರೆಗೆ ಒಂದೇ ಮನೆಯನ್ನು, ಒಂದೇ ಅಟ್ಟವನ್ನು, ಆ ಮನೆಯ ಜನರನ್ನು ತಿಂಗಳಿಗೆ ಎರಡು ಬಾರಿ ಹೋಗಿ ತೆಗೆದರೆ ಒಂದು ವರ್ಷದಲ್ಲಿ ತಮ್ಮ ಬಳಿ ಇರುವ ಮೂವತ್ತು ಚಿತ್ರಗಳು ಬೇರೆ ಯಾರ ಬಳಿಯೂ ಇರುವುದಿಲ್ಲ.

ಇದು ತಾಂತ್ರಿಕವಾಗಿಯೂ ಒಳ್ಳೆಯ ಪಾಠಶಾಲೆ. ಅಟ್ಟದೊಳಗೆ ಕತ್ತಲೆ, ಹಂಚಿನ ಸಂದಿಯಿಂದಲೋ ಗವಾಕ್ಷಿಯಿಂದಲೋ ಒಂದು ಬೆಳಕಿನ ಕೋಲು ಮಾತ್ರ ಇಳಿಯುತ್ತದೆ. ಅಲ್ಲಿ ಫ್ಲ್ಯಾಶ್ ಹಾಕಿದರೆ ಆ ಅಟ್ಟದ ಗುಣವೇ ಹೋಗಿಬಿಡುತ್ತದೆ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಬೆಳಕು ಬಿದ್ದ ಭಾಗ ಬರೀ ಬಿಳಿಯಾಗಿ ಸುಟ್ಟುಹೋಗದಂತೆ ಅಳತೆ ಮಾಡಿ, ರಾ ಕಡತದಲ್ಲಿ (ಸೆನ್ಸರ್ ಕಂಡದ್ದನ್ನೆಲ್ಲ ತಿದ್ದದೆ ಹಾಗೆಯೇ ಉಳಿಸುವ ಕಡತ) ತೆಗೆದುಕೊಂಡರೆ ನೆರಳಿನೊಳಗಿನ ವಿವರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಮೇಲೆತ್ತಬಹುದು. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ ಸುಲಿಯುವವರನ್ನು ಸೆಕೆಂಡಿನ 1/8 ಭಾಗದಲ್ಲಿ ಒಮ್ಮೆ, 1/500 ಭಾಗದಲ್ಲಿ ಒಮ್ಮೆ ತೆಗೆದು ನೋಡಿ. ಮೊದಲನೆಯದರಲ್ಲಿ ಮುಖ ಸ್ಥಿರವಾಗಿದ್ದು ಕೈಗಳು ಕರಗಿಹೋಗಿರುತ್ತವೆ, ಎರಡನೆಯದರಲ್ಲಿ ಹಾರುವ ನಾರಿನ ಎಳೆ ಎಳೆಯೂ ನಿಂತಿರುತ್ತದೆ. ಷಟರ್ ವೇಗ ಎಂದರೇನೆಂದು ಹತ್ತು ಪಾಠಗಳಲ್ಲಿ ಹೇಳುವುದಕ್ಕಿಂತ ಹೆಚ್ಚನ್ನು ಈ ಎರಡು ಚಿತ್ರಗಳು ಹೇಳುತ್ತವೆ. ಇದಕ್ಕೆಲ್ಲ ಒಂದು ಸಾಧಾರಣ ಕ್ಯಾಮೆರಾ, 35 ಅಥವಾ 50 ಮಿ.ಮೀ.ನ ಒಂದು ಲೆನ್ಸು, ಗಟ್ಟಿಯಾದ ಒಂದು ಟ್ರೈಪಾಡು ಸಾಕು. ಬಳಸಿದ ಕ್ಯಾಮೆರಾ ಕೊಂಡರೆ ತಾವು ತೆಗೆದಿರಿಸಿದ ಹಣದಲ್ಲಿ ಬಹುಪಾಲು ಉಳಿಯುತ್ತದೆ. ಮೊದಲ ಎರಡು ತಿಂಗಳು ಕೈಯಲ್ಲಿರುವ ಮೊಬೈಲಿನಲ್ಲಿಯೇ ತೆಗೆದರೂ ನನ್ನ ಅಭ್ಯಂತರವಿಲ್ಲ.

ಮಾವನ ಕ್ಲಿಕ್ ತ್ರೀ ತಮಗೆ ಕಲಿಸಿದ ಒಂದು ಶಿಸ್ತನ್ನು ಮಾತ್ರ ಬಿಡಬೇಡಿ. 120 ಎಂಬ ಅಳತೆಯ ಒಂದು ರೀಲಿನಲ್ಲಿ ಅದು ಕೊಡುತ್ತಿದ್ದದ್ದು 12 ಚೌಕ ಚಿತ್ರಗಳು. ಒಂದು ಹಾಳಾದರೆ ಹನ್ನೊಂದೇ ಉಳಿಯುತ್ತಿದ್ದವು, ಆದ್ದರಿಂದ ಗುಂಡಿ ಒತ್ತುವ ಮೊದಲು ಎಲ್ಲರೂ ನಿಂತು ನೋಡುತ್ತಿದ್ದರು. ಈಗಲೂ ಒಂದು ಬೆಳಗಿಗೆ ಹನ್ನೆರಡೇ ಚಿತ್ರವೆಂದು ಲೆಕ್ಕವಿಟ್ಟುಕೊಳ್ಳಿ. ಮನೆಗೆ ಬಂದು ಅವುಗಳಲ್ಲಿ ಒಂದನ್ನು ಆರಿಸಿ, ಅದನ್ನೇ ಏಕೆ ಆರಿಸಿದೆನೆಂದು ಎರಡು ಸಾಲು ಬರೆದಿಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕಾಯಿ ಸುಲಿಯುವವರೂ ಚಿಪ್ಪು ಒಡೆಯುವ ಹೆಂಗಸರೂ ದಿನಗೂಲಿಯ ಮೇಲೆ ಕೆಲಸ ಮಾಡುವವರು. ಅವರ ಕೈ ನಿಲ್ಲಿಸಿ ಪೋಸು ಕೊಡಿಸುವುದು ತಪ್ಪು. ಮೊದಲ ದಿನ ಕ್ಯಾಮೆರಾ ಚೀಲದಿಂದ ತೆಗೆಯದೆ ಸುಮ್ಮನೆ ಹೋಗಿ ಕುಳಿತು ಮಾತನಾಡಿ ಬನ್ನಿ. ಒಪ್ಪಿಗೆ ಕೇಳಿ, ಬೇಡವೆಂದವರನ್ನು ಬಿಟ್ಟುಬಿಡಿ. ಎರಡನೆಯ ಬಾರಿ ಹೋಗುವಾಗ ಮೊದಲ ಬಾರಿ ತೆಗೆದ ಚಿತ್ರಗಳನ್ನು ಮುದ್ರಿಸಿಕೊಂಡು ಹೋಗಿ ಅವರವರ ಕೈಗೆ ಕೊಡಿ. ತೆಗೆದವರು ನೂರು ಜನ, ಪ್ರತಿ ತಂದುಕೊಟ್ಟವರು ಯಾರೂ ಇಲ್ಲ ಎಂಬ ದೂರನ್ನು ನಾನು ಹಲವು ಊರುಗಳಲ್ಲಿ ಕೇಳಿದ್ದೇನೆ, ಮತ್ತು ಅದು ನಿಜವಾದ ದೂರು. ಮೈಸೂರಿನ ಟಿ. ಎಸ್. ಸತ್ಯನ್ (1923-2009) ಅವರ ಚಿತ್ರಗಳಲ್ಲಿ ಸಾಮಾನ್ಯ ಜನ, ಅದರಲ್ಲೂ ಮಕ್ಕಳು, ಕ್ಯಾಮೆರಾಕ್ಕೆ ಹೆದರದೆ ತಮ್ಮ ಪಾಡಿಗೆ ತಾವಿರುವುದನ್ನು ನೋಡಿದಾಗೆಲ್ಲ, ಇದಕ್ಕೆ ಮೊದಲು ಎಷ್ಟು ಗೌರವ, ಎಷ್ಟು ಮಾತುಕತೆ ನಡೆದಿರಬೇಕು ಎಂದು ನನಗೆ ಅನ್ನಿಸುತ್ತದೆ. 1977ರಲ್ಲಿ ಪದ್ಮಶ್ರೀ ಪಡೆದ ಆ ಹಿರಿಯರ ಚಿತ್ರಗಳನ್ನು ತಾವು ಹುಡುಕಿ ನೋಡಲೇಬೇಕು.

ಕೊನೆಯದಾಗಿ ತಮ್ಮ ಮನೆಯವರ ಮೌನ. ಅದು ಛಾಯಾಗ್ರಹಣದ ಮೇಲಿನ ಬೇಸರವಾಗಿರಲಿಕ್ಕಿಲ್ಲ, ನಾಳೆಯ ಆಸ್ಪತ್ರೆಯ ಖರ್ಚಿನ ಚಿಂತೆ ಇರಬಹುದು. ಔಷಧಿಗೆ, ಆಪತ್ತಿಗೆ ಎಷ್ಟು ತೆಗೆದಿರಿಸಿದ್ದೇವೆ ಎಂಬ ಲೆಕ್ಕವನ್ನು ಇಬ್ಬರೂ ಕುಳಿತು ಬರೆಯಿರಿ, ಕ್ಯಾಮೆರಾದ ಹಣ ಅದರ ಹೊರಗಿನದಾಗಿರಲಿ. ಕೊಬ್ಬರಿಯ ಮನೆಗಳಿಗೆ ಅವರನ್ನೂ ಕರೆದುಕೊಂಡು ಹೋದರೆ ಹೆಂಗಸರ ಜೊತೆಗಿನ ಮಾತು ತಮಗಿಂತ ಅವರಿಗೇ ಸಲೀಸಾಗಿ ಸಾಗುತ್ತದೆ. ಒಂದು ವರ್ಷದ ನಂತರವೂ ಹುಲಿಯ ಆಸೆ ಹಾಗೆಯೇ ಉಳಿದಿದ್ದರೆ ಆಗ ಆ ಲೆನ್ಸನ್ನು ಮೂರು ದಿನದ ಬಾಡಿಗೆಗೆ ತೆಗೆದುಕೊಂಡು ಕಬಿನಿಗೆ ಹೋಗಿ ಬನ್ನಿ.

ಪ್ರಶ್ನೆ: ನಾನು ಶಿರಸಿಯ ಸಮೀಪದ ಹಳ್ಳಿಯಲ್ಲಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿ, ವಯಸ್ಸು 67. ತೋಟ, ಬೆಟ್ಟಗಳಲ್ಲಿ ಕಾಣುವ ಹೂವು, ಅಣಬೆಗಳ ಚಿತ್ರ ತೆಗೆಯುವುದು ಆರು ವರ್ಷಗಳಿಂದ ನನ್ನ ಅಚ್ಚುಮೆಚ್ಚಿನ ಹವ್ಯಾಸ. ಮೂರು ತಿಂಗಳ ಹಿಂದೆ ಬಲಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು, ಎಡಗಣ್ಣಿನದು ಇನ್ನೂ ಆಗಬೇಕು. ಈಗ ಅದೇ ಚಿತ್ರ ಬಲಗಣ್ಣಿಗೆ ನೀಲಿಯಾಗಿ, ಎಡಗಣ್ಣಿಗೆ ಹಳದಿಯಾಗಿ ಕಾಣುತ್ತದೆ. ಯಾವುದನ್ನು ನಂಬಲಿ? ಜೊತೆಗೆ, ಕಳೆದ ಮಳೆಗಾಲದ ನಂತರ ಲೆನ್ಸಿನೊಳಗೆ ಜೇಡರ ಬಲೆಯಂಥದು ಕಾಣಿಸಿಕೊಂಡಿದೆ.

ಉತ್ತರ: ಬಲಗಣ್ಣನ್ನು ನಂಬಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತಾ ಬರುತ್ತದೆ ಮತ್ತು ನೀಲಿ ಬೆಳಕನ್ನು ತಡೆಯುತ್ತದೆ. ಇದು ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಪೊರೆ ತೆಗೆದು ಕೃತಕ ಮಸೂರ ಇಟ್ಟ ಮೇಲೆ ನೀಲಿ ಒಮ್ಮೆಗೇ ಮರಳುತ್ತದೆ, ಮೊದಮೊದಲು ಅತಿಯಾಗಿಯೇ ತೋರುತ್ತದೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೊನೆ 1923ರಲ್ಲಿ, 82ನೆಯ ವಯಸ್ಸಿನಲ್ಲಿ, ಬಲಗಣ್ಣಿನ ಪೊರೆ ತೆಗೆಸಿಕೊಂಡ ನಂತರ ಬಣ್ಣಗಳೆಲ್ಲ ಬೇರೆಯಾಗಿ ಕಂಡು ಬಹಳ ಕಂಗೆಟ್ಟಿದ್ದರು. ತಮ್ಮ ಕಷ್ಟ ಅದೇ ಜಾತಿಯದು, ಆದರೆ ಕ್ಯಾಮೆರಾ ಹಿಡಿದವರಿಗೆ ಚಿತ್ರಕಾರರಿಗಿಲ್ಲದ ಒಂದು ಅನುಕೂಲವಿದೆ. ಅಂಕಿಗಳು ತಮ್ಮ ಸಹಾಯಕ್ಕಿವೆ. ಬೂದುಬಣ್ಣದ ಒಂದು ಕಾರ್ಡನ್ನು ಹೂವಿನ ಪಕ್ಕದಲ್ಲಿಟ್ಟು ಒಂದು ಚಿತ್ರ ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲಿ ಆ ಕಾರ್ಡಿನ ಕೆಂಪು, ಹಸಿರು, ನೀಲಿಯ ಮೂರೂ ಅಂಕಿಗಳು ಸಮವಾಗುವಂತೆ ಮಾಡಿದರೆ ತಮ್ಮ ಕಣ್ಣು ಏನೇ ಹೇಳಲಿ, ಬಣ್ಣ ಸರಿಯಾಗಿಯೇ ಇರುತ್ತದೆ. ಎರಡನೆಯ ಕಣ್ಣಿನ ಚಿಕಿತ್ಸೆಯೂ ಮುಗಿದು ವೈದ್ಯರು ಕೊನೆಯ ಕನ್ನಡಕ ಕೊಡುವವರೆಗೆ ರಾ ಕಡತಗಳನ್ನು ಹಾಗೆಯೇ ಕಾಪಾಡಿಕೊಳ್ಳಿ, ಹಳೆಯ ಚಿತ್ರಗಳ ಬಣ್ಣವನ್ನು ತಿದ್ದಲು ಹೋಗಬೇಡಿ.

ವ್ಯೂಫೈಂಡರಿನ, ಅಂದರೆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿಯ, ಪಕ್ಕದಲ್ಲಿ ಒಂದು ಸಣ್ಣ ತಿರುಗಣೆ ಇರುತ್ತದೆ. ಕಣ್ಣಿನ ಪವರಿಗೆ ತಕ್ಕಂತೆ ಅದನ್ನು ಹೊಂದಿಸಿಕೊಳ್ಳಬೇಕು ಎಂಬುದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಚಿಕಿತ್ಸೆಯ ನಂತರ ತಮ್ಮ ಪವರು ಬದಲಾಗಿದೆ. ಆದ್ದರಿಂದ ವ್ಯೂಫೈಂಡರಿನೊಳಗಿನ ಅಂಕಿಗಳು ಸ್ಪಷ್ಟವಾಗುವವರೆಗೆ ಅದನ್ನು ಮತ್ತೆ ತಿರುಗಿಸಿ. ನೆಲಮಟ್ಟದ ಅಣಬೆಗಾಗಿ ಮಂಡಿಯೂರಿ, ಉಂಬಳ ಹತ್ತಿಸಿಕೊಂಡು ಕಷ್ಟಪಡುವ ಬದಲು, ಮುಂದಿನ ಕ್ಯಾಮೆರಾ ಕೊಳ್ಳುವಾಗ ಹೊರಕ್ಕೆ ಬಿಚ್ಚಿ ಮೇಲ್ಮುಖವಾಗಿ ತಿರುಗಿಸಬಹುದಾದ ಪರದೆ ಇರುವುದನ್ನೇ ಆರಿಸಿ. ಮಂಡಿನೋವಿರುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಜೇಡರ ಬಲೆಯಂಥದು ಬೂಷ್ಟು. ಮಲೆನಾಡಿನ ಮಳೆಗಾಲದ ತೇವದಲ್ಲಿ, ಗಾಳಿಯಾಡದ ಚರ್ಮದ ಚೀಲದೊಳಗೆ ಅದು ಬೇಗ ಬೆಳೆಯುತ್ತದೆ. ಅದು ಒಳಗಿನ ಗಾಜಿನ ಮೇಲಿರುವುದರಿಂದ ಒರೆಸಲು ಬರುವುದಿಲ್ಲ. ಬಿಚ್ಚಿ ಶುಚಿ ಮಾಡುವವರಿಗೆ ಈಗಲೇ ಕೊಡಿ, ತಡಮಾಡಿದರೆ ಗಾಜಿನ ಲೇಪನವನ್ನೇ ತಿಂದು ಗುರುತು ಉಳಿಸುತ್ತದೆ. ಮುಂದೆ ಚರ್ಮದ ಚೀಲ ಬೇಡ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಟ್ಟೆಯಲ್ಲಿ ಕಟ್ಟಿದ, ತೇವ ಹೀರುವ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಸಣ್ಣ ಮಾಪಕ ಇದ್ದರೆ ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ನಿಲ್ಲಬೇಕು. 60 ದಾಟಿದರೆ ಜೆಲ್ಲನ್ನು ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಎಲ್ಲಕ್ಕಿಂತ ಒಳ್ಳೆಯ ಔಷಧವೆಂದರೆ ವಾರಕ್ಕೊಮ್ಮೆಯಾದರೂ ಕ್ಯಾಮೆರಾವನ್ನು ಹೊರತೆಗೆದು ಬಳಸುವುದು, ಏಕೆಂದರೆ ಬೆಳಕು ಮತ್ತು ಗಾಳಿಯಲ್ಲಿ ಓಡಾಡುವ ಲೆನ್ಸಿಗೆ ಬೂಷ್ಟು ಹಿಡಿಯುವುದು ಅಪರೂಪ.

ಪ್ರಶ್ನೆ: ಮೈಸೂರಿನಲ್ಲಿರುವ ನನಗೆ ಹೊಸ ಚಿತ್ರ ತೆಗೆಯುವ ಉಮೇದಿಗಿಂತ, ತೀರಿಹೋದ ನಮ್ಮ ತಂದೆಯವರು ತೆಗೆದು ಟ್ರಂಕಿನಲ್ಲಿಟ್ಟ ನೂರಾರು ನೆಗೆಟಿವ್ ಮತ್ತು ಆಲ್ಬಮ್ಮುಗಳನ್ನು ಉಳಿಸುವ ಆಸೆ ಹೆಚ್ಚು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಈಗಷ್ಟೇ ಟ್ರಂಕು ತೆರೆದೆ. ಹುಳಿ ವಾಸನೆ ಬರುತ್ತಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ವಾಸನೆ ಬರುವ ನೆಗೆಟಿವ್‌ಗಳನ್ನು ಇಂದೇ ಬೇರೆಮಾಡಿ. ಹಳೆಯ ನೆಗೆಟಿವ್‌ಗಳಲ್ಲಿ ಬಳಸುತ್ತಿದ್ದ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮು ಕೊಳೆಯಲು ಆರಂಭಿಸಿದಾಗ ವಿನೆಗರಿನ ವಾಸನೆ ಬರುತ್ತದೆ, ಮತ್ತು ಆ ಆಮ್ಲದ ಆವಿ ಮುಚ್ಚಿದ ಟ್ರಂಕಿನಲ್ಲಿ ಪಕ್ಕದ ಒಳ್ಳೆಯ ನೆಗೆಟಿವ್‌ಗಳನ್ನೂ ಕೆಡಿಸುತ್ತದೆ. ಕೆಟ್ಟದ್ದು ಸರಿಹೋಗುವುದಿಲ್ಲ, ಆದರೆ ಪೂರ್ತಿ ಮುದುಡುವ ಮೊದಲು ಸ್ಕ್ಯಾನ್ ಮಾಡಿಕೊಳ್ಳಬಹುದು. ಆದ್ದರಿಂದ ಮೊದಲ ಸರದಿ ಅವುಗಳದೇ ಆಗಲಿ. 35 ಮಿ.ಮೀ. ನೆಗೆಟಿವ್‌ಗೆ ಅಂಗುಲಕ್ಕೆ 2400 ಅಥವಾ 3200 ಚುಕ್ಕಿ, ಕಾಗದದ ಪ್ರತಿಗೆ 600 ಚುಕ್ಕಿ ಸಾಕಾಗುತ್ತದೆ. ಉಳಿದ ನೆಗೆಟಿವ್‌ಗಳನ್ನು ಆಮ್ಲರಹಿತ ಕಾಗದದ ಲಕೋಟೆಗಳಿಗೆ ಹಾಕಿ, ಮನೆಯಲ್ಲಿ ಅತ್ಯಂತ ತಂಪಾದ, ಒಣಗಿದ ಕೋಣೆಯಲ್ಲಿಡಿ. ಅಟ್ಟ ಬೇಡ, ಅಡುಗೆಮನೆಯ ಪಕ್ಕವೂ ಬೇಡ. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಆಲ್ಬಮ್ಮುಗಳಲ್ಲಿ ಚಿತ್ರ ಕಚ್ಚಿಕೊಂಡಿದ್ದರೆ ಕಿತ್ತು ತೆಗೆಯಲು ಹೋಗದೆ, ಹಾಳೆಯ ಸಮೇತ ಅದರ ಚಿತ್ರ ತೆಗೆದುಕೊಂಡ ಮೇಲೆಯೇ ಹಲ್ಲುಸಂದಿ ಶುಚಿಮಾಡುವ ದಾರವನ್ನು ಚಿತ್ರದ ಕೆಳಗೆ ತೂರಿಸಿ ನಿಧಾನವಾಗಿ ಬಿಡಿಸಿ ನೋಡಿ.

ಸ್ಕ್ಯಾನ್ ಮಾಡಿದ್ದನ್ನು ಒಂದೇ ಹಾರ್ಡ್ ಡಿಸ್ಕಿನಲ್ಲಿ ಇಡಬೇಡಿ. ನನ್ನ ಎರಡು ವರ್ಷದ ಚಿತ್ರಗಳು ಹಾಗೆ ಒಂದೇ ಡಿಸ್ಕಿನ ಜೊತೆಗೆ ಹೋದವು, ಆ ನೋವು ಇನ್ನೂ ಹಾಗೆಯೇ ಇದೆ. ಮೂರು ಪ್ರತಿ, ಅವು ಎರಡು ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ ಒಂದು ಬೇರೆ ಊರಿನ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಬೇಕು.

ಇವೆಲ್ಲವೂ ಒಂದೆರಡು ತಿಂಗಳು ತಡವಾದರೂ ನಡೆದೀತು, ಆದರೆ ಒಂದು ಕೆಲಸ ಮಾತ್ರ ಕಾಯುವುದಿಲ್ಲ. ಆ ಚಿತ್ರಗಳಲ್ಲಿರುವವರು ಯಾರು, ಯಾವ ಮದುವೆ, ಯಾವ ಮನೆ, ಹಿಂದೆ ಕಾಣುವ ಬೀದಿ ಯಾವುದು ಎಂದು ಹೇಳಬಲ್ಲ ಹಿರಿಯರು ತಮ್ಮ ಬಳಗದಲ್ಲಿ ಈಗ ಒಬ್ಬಿಬ್ಬರು ಮಾತ್ರ ಉಳಿದಿರಬಹುದು. ತಂದೆಯವರ ತಂಗಿಯೋ ತಾಯಿಯವರ ಅಕ್ಕನೋ ಇದ್ದರೆ, ಸ್ಕ್ಯಾನರಿಗೆ ಕಾಯದೆ, ಬರುವ ಭಾನುವಾರವೇ ಕಾಗದದ ಪ್ರತಿಗಳನ್ನು ಅವರ ಮನೆಗೆ ಒಯ್ಯಿರಿ. ಅವರು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಪ್ರತಿ ಚಿತ್ರದ ಹಿಂಬದಿಯ ಅಂಚಿನಲ್ಲಿ, ಬಾಲ್‌ಪೆನ್ನಿನ ಒತ್ತು ಮುಂಬದಿಗೆ ಮೂಡುವುದರಿಂದ, ಮೆದುವಾದ 2ಬಿ ಪೆನ್ಸಿಲಿನಲ್ಲಿ ಹಗುರವಾಗಿ ಹೆಸರುಗಳನ್ನು ಬರೆದುಕೊಳ್ಳಿ.